ಎದುರು ದೋಣಿಯಲ್ಲಿ ಅಮ್ಮ: ಪ್ಲಿಟ್ವಿಟ್ಸೆ ಕೆರೆಗಳ ಒಂದು ದಿನದ ಟ್ರಿಪ್

ಹೆಡ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ನಿದ್ದೆ ಬರ್ಲಿ ಅಂತ ಹಾಕ್ಕೊಂಡಿರೋರಿಗೂ ಸ್ವಾಗತ. ಇವತ್ತಿನದು ಟ್ರಾವೆಲ್ ಎಪಿಸೋಡ್. ಆದರೆ ಇದರಲ್ಲಿ ಒಂದು ಸ್ವಲ್ಪ ನಾಚಿಕೆಗೇಡಿನ ಕಥೆಯೂ ಇದೆ. ನಾನು ನಮ್ಮಮ್ಮನನ್ನು ಯುರೋಪಿನ ಒಂದು ಕಾಡಿನಲ್ಲಿ ಮುಕ್ಕಾಲು ಗಂಟೆ ಕಳೆದುಕೊಂಡೆ. ಅಥವಾ ಅಮ್ಮನ ಪ್ರಕಾರ, ಕಳೆದುಹೋಗಿದ್ದು ನಾನು.

ಮೊದಲು ಹಿನ್ನೆಲೆ ಹೇಳಿಬಿಡ್ತೀನಿ. ಅಕ್ಕ ಮ್ಯೂನಿಕ್‌ನಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಅಂತ ಅಮ್ಮ ಅರಸೀಕೆರೆಯಿಂದ ಹೋಗಿ ಸುಮಾರು ಮೂರು ತಿಂಗಳು ಅಲ್ಲಿದ್ದಳು. ಯುರೋಪ್ ಅಂತ ಹೆಸರು, ನೋಡಿದ್ದು ಮಾತ್ರ ಅಕ್ಕನ ಅಡುಗೆಮನೆ, ಮಗುವಿನ ತೊಟ್ಟಿಲು, ಕೆಳಗಿನ ಸೂಪರ್ ಮಾರ್ಕೆಟ್. ಜೂನ್‌ನಲ್ಲಿ ಅಮ್ಮನನ್ನು ಕರ್ಕೊಂಡು ಬರೋಕೆ ನಾನು ಹೋದೆ. ಆಗ ಅಕ್ಕ, 'ಇಷ್ಟು ದಿನ ದುಡಿದಿದ್ದಾಳೆ, ಎಲ್ಲಾದ್ರೂ ಒಂದು ಕಡೆ ಕರ್ಕೊಂಡು ಹೋಗೇ' ಅಂದಳು. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ವಲಯಕ್ಕೆ ಸೇರಿದೆ, ಯೂರೋ ಕೂಡ ಅವತ್ತೇ ಬಂತು. ಅಂದ್ರೆ ನಮ್ಮ ಹತ್ರ ಇದ್ದ ವೀಸಾನೇ ಸಾಕು, ಹಣ ಬದಲಾಯಿಸೋ ತಲೆನೋವೂ ಇಲ್ಲ. ರಾಜಧಾನಿ ಝಾಗ್ರೆಬ್‌ಗೆ ಬಸ್ ಹತ್ತಿದ್ವಿ. ಅಲ್ಲಿಂದ ಸುಮಾರು 130 ಕಿಲೋಮೀಟರ್ ದೂರದಲ್ಲಿರೋದೇ ಪ್ಲಿಟ್ವಿಟ್ಸೆ ಕೆರೆಗಳ ರಾಷ್ಟ್ರೀಯ ಉದ್ಯಾನ.

ಇನ್‌ಸ್ಟಾಗ್ರಾಮ್‌ನಲ್ಲಿ ನೀವು ಖಂಡಿತ ನೋಡಿರ್ತೀರ. ಹಸಿರು-ನೀಲಿ ನೀರು, ಅದರ ಮೇಲೆ ಮರದ ಹಲಗೆಯ ದಾರಿ, ಎರಡೂ ಕಡೆ ಜಲಪಾತ. 'ಇದು ಎಐ ಫೋಟೋ' ಅಂತ ಕೆಳಗೆ ಯಾರಾದ್ರೂ ಕಾಮೆಂಟ್ ಹಾಕಿರ್ತಾರೆ. ಎಐ ಅಲ್ಲ, ನಿಜವಾಗ್ಲೂ ಹಾಗೇ ಇದೆ.

ಗೈಡೆಡ್ ಟ್ರಿಪ್ ಅಂದ್ರೆ ನನಗೆ ಮೊದಲಿಂದ ಅಲರ್ಜಿ. ಬಾವುಟ ಹಿಡ್ಕೊಂಡು ಒಬ್ಬರು ಮುಂದೆ, ಕುರಿಮಂದೆ ಥರ ನಾವೆಲ್ಲ ಹಿಂದೆ. ಬಿ.ಕಾಂ ಓದಿದ ತಲೆ ನೋಡಿ, ಮೊದಲು ಲೆಕ್ಕ ಹಾಕಿದೆ. ಜೂನ್‌ನಲ್ಲಿ ಉದ್ಯಾನದ ಪ್ರವೇಶ ಶುಲ್ಕವೇ ದೊಡ್ಡವರಿಗೆ 40 ಯೂರೋ. ಚಳಿಗಾಲದಲ್ಲಾದ್ರೆ 10. ಅದರ ಮೇಲೆ ಬಸ್ ಖರ್ಚು ಸೇರಿಸಿದರೂ ನಾವೇ ಹೋಗೋದು ಗೈಡೆಡ್ ಟ್ರಿಪ್‌ಗಿಂತ ಎಷ್ಟೋ ಅಗ್ಗ. 'ಈ ಮಾತಾಡೋ ಮನುಷ್ಯನಿಗೆ ಯಾಕೆ ಅಷ್ಟು ದುಡ್ಡು?' ಅಂತ ನಾನು. 'ನನ್ನ ಮಂಡಿ ನಿನ್ನ ಲೆಕ್ಕ ಕೇಳಲ್ಲ, ಹೋಟೆಲ್ ಹತ್ರಾನೇ ಬಸ್ ಬರತ್ತೆ ಅಂದ್ರೆ ಅದರಲ್ಲೇ ಹೋಗೋಣ' ಅಂತ ಅಮ್ಮ. ಅಮ್ಮನ ಮಾತೇ ನಡೀತು.

ಬೆಳಗ್ಗೆ ಏಳಕ್ಕೆ ಹೊರಟ್ವಿ. ಸಣ್ಣ ಬಸ್, ಹದಿನೆಂಟು ಜನ. ಗೈಡ್‌ಗೆ ನಲವತ್ತು ದಾಟಿರಬಹುದು. ನಗು ಕಡಿಮೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳೋ ಅಭ್ಯಾಸ. ಎಲ್ಲರ ಕೈಗೂ ಒಂದೊಂದು ಮ್ಯಾಪ್ ಕೊಟ್ಟು, ಅದರಲ್ಲಿ ಒಂದು ಜಾಗಕ್ಕೆ ಪೆನ್ನಲ್ಲಿ ಸುತ್ತು ಹಾಕಿದ್ರು: ಪಿ 1. ಅದು ದೋಣಿ ನಿಲ್ಲುವ ಕಟ್ಟೆ. 'ಗುಂಪು ತಪ್ಪಿದರೆ ಹುಡುಕಾಡಬೇಡಿ, ಪಿ 1ಕ್ಕೆ ಬನ್ನಿ, ಕೂತಿರಿ.' ಬಸ್ಸಲ್ಲಿ ಒಂದು ಸಲ, ಗೇಟಲ್ಲಿ ಒಂದು ಸಲ, ಒಳಗೆ ಹೋದ ಮೇಲೆ ಇನ್ನೊಂದು ಸಲ. ಮೂರನೇ ಸಲಕ್ಕೆ ನಾನು ಅಮ್ಮನ ಕಡೆ ನೋಡಿ ಕಣ್ಣು ಹೊರಳಿಸಿದೆ. ಅಮ್ಮ ಮಾತ್ರ ಸ್ಕೂಲ್ ಹುಡುಗಿ ಥರ ತಲೆ ಆಡಿಸ್ತಾ ಇದ್ದಳು.

ಬಸ್ಸಿನಲ್ಲೇ ಅವರು ಇನ್ನೊಂದು ವಿಷಯ ಹೇಳಿದ್ರು. 1991ರ ಮಾರ್ಚ್ 31, ಈಸ್ಟರ್ ಭಾನುವಾರ. ಇದೇ ಕೆರೆಗಳ ಹತ್ತಿರ ಕ್ರೊಯೇಷಿಯಾದ ಪೊಲೀಸರಿಗೂ ಸರ್ಬ್ ಬಂಡುಕೋರರಿಗೂ ಗುಂಡಿನ ಚಕಮಕಿ ನಡೀತು. ಎರಡೂ ಕಡೆ ಒಬ್ಬೊಬ್ಬರು ಸತ್ತರು. ಕ್ರೊಯೇಷಿಯಾದ ಯುದ್ಧದ ಮೊದಲ ಸಾವುಗಳು ಅಂತ ಅವನ್ನೇ ಲೆಕ್ಕ ಹಿಡೀತಾರೆ. 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದ ಜಾಗವನ್ನು ಯುನೆಸ್ಕೊ 1992ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. 1995ರ ಆಗಸ್ಟ್‌ವರೆಗೆ ಈ ಪ್ರದೇಶ ಸರ್ಕಾರದ ಕೈಯಲ್ಲೇ ಇರಲಿಲ್ಲ. 1997ರಲ್ಲಿ ಅಪಾಯದ ಪಟ್ಟಿಯಿಂದ ಹೆಸರು ತೆಗೆದರು. 'ನಾನು ಚಿಕ್ಕವನಿದ್ದಾಗ ಈ ಕಡೆ ಕಾಡಿಗೆ ಹೋಗಬೇಡ ಅಂತ ಮನೇಲಿ ಕಟ್ಟಪ್ಪಣೆ. ನೆಲದಲ್ಲಿ ಬಾಂಬ್ ಹೂತಿದ್ದರು' ಅಂದ್ರು ಗೈಡ್. ಬಸ್ ತಣ್ಣಗಾಯ್ತು. ದಾರಿ ಬಿಟ್ಟು ಇಳಿಯಬೇಡಿ ಅನ್ನೋ ಮಾತು ಅವರ ಬಾಯಲ್ಲಿ ಯಾಕೆ ಅಷ್ಟು ಸಲ ಬರತ್ತೆ ಅಂತ ನನಗೆ ಆಗ ಹೊಳೀಲಿಲ್ಲ.

ಸರಿ, ಒಳಗೆ ಹೋಗೋಣ. ಇಲ್ಲಿ ಹೆಸರಿಟ್ಟ ಕೆರೆಗಳು ಒಟ್ಟು 16. ಮೇಲೆ 12, ಕೆಳಗೆ 4. ಮೇಲಿನ ಕೆರೆಯ ನೀರು ತುಂಬಿ ಹರಿದು, ಜಲಪಾತವಾಗಿ ಕೆಳಗಿನ ಕೆರೆಗೆ ಬೀಳತ್ತೆ. ಆ ಕೆರೆ ತುಂಬಿ ಅದರ ಕೆಳಗಿನದಕ್ಕೆ. ನಮ್ಮೂರ ಕಡೆಯವರಿಗೆ ಒಂದೇ ಮಾತಲ್ಲಿ ಹೇಳೋದಾದ್ರೆ, ಕೋಡಿ ಬಿದ್ದ ಕೆರೆಗಳ ಸಾಲು. ಅಮ್ಮ ನೋಡಿದ ತಕ್ಷಣ ಅಂದಿದ್ದೂ ಅದೇ: 'ಎಲ್ಲ ಕೆರೆನೂ ಒಟ್ಟಿಗೇ ಕೋಡಿ ಬಿದ್ದಿದೆ ಕಣೇ!'

ಒಂದನೇ ಗೇಟಿನಿಂದ ಇಳಿದರೆ ಮೊದಲು ಸಿಗೋದು ವೆಲಿಕಿ ಸ್ಲಾಪ್. ಅವರ ಭಾಷೆಯಲ್ಲಿ ದೊಡ್ಡ ಜಲಪಾತ ಅಂತ ಅರ್ಥ. ಎತ್ತರ 78 ಮೀಟರ್. ಗೈಡ್ ಹೆಮ್ಮೆಯಿಂದ 'ಇಡೀ ಕ್ರೊಯೇಷಿಯಾದಲ್ಲೇ ಎತ್ತರದ್ದು' ಅಂದ್ರು. ನಾನು ಅನುವಾದ ಮಾಡಿ ಹೇಳಿದೆ. ಅಮ್ಮ ಕತ್ತೆತ್ತಿ ನೋಡಿ, 'ಜೋಗ ಎಷ್ಟು?' ಅಂದಳು. 253 ಮೀಟರ್ ಅಂದೆ. 'ಹೇಳಬೇಡ ಬಿಡು, ಪಾಪ, ಬೇಜಾರು ಮಾಡ್ಕೊತಾನೆ' ಅಂದಳು.

ಆದರೆ ಜೋಗಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಗೈಡ್ ದುಡ್ಡು ವಸೂಲಾಗಿದ್ದು ನನಗೆ ಇಲ್ಲೇ. ಸಾಮಾನ್ಯವಾಗಿ ಜಲಪಾತ ಬಂಡೆಯನ್ನು ಸವೆಸತ್ತೆ. ಇಲ್ಲಿ ನೀರೇ ಬಂಡೆಯನ್ನು ಕಟ್ಟತ್ತೆ. ಹೇಗೆ ಅಂದ್ರೆ, ಸುತ್ತ ಇರೋದೆಲ್ಲ ಸುಣ್ಣಕಲ್ಲು ಮತ್ತು ಡಾಲಮೈಟ್ ಬೆಟ್ಟ. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು, ಆ ಕಲ್ಲನ್ನು ಚೂರುಚೂರೇ ಕರಗಿಸಿಕೊಂಡು ಬರತ್ತೆ. ಹೊರಗೆ ಬಂದು ಧುಮುಕಿ, ಚಿಮ್ಮಿ, ಚದುರಿದಾಗ ಆ ಗ್ಯಾಸ್ ಹಾರಿಹೋಗತ್ತೆ. ಆಗ ಕರಗಿದ್ದ ಸುಣ್ಣ ನೀರಲ್ಲಿ ನಿಲ್ಲೋಕಾಗದೆ ಪಾಚಿ, ಹಾವಸೆ, ಬಿದ್ದ ಕೊಂಬೆ, ಏನು ಸಿಗತ್ತೋ ಅದರ ಮೇಲೆ ಕೂರತ್ತೆ. ಕೂತು ಕೂತು ಕಲ್ಲಾಗತ್ತೆ. ಅದು ಬೆಳೆದು ಅಣೆಕಟ್ಟಾಗತ್ತೆ. ಆ ಅಣೆಕಟ್ಟಿನ ಹಿಂದೆ ಕೆರೆ ನಿಲ್ಲತ್ತೆ. ಅವರು ಆ ಕಲ್ಲಿಗೆ 'ಸೆದ್ರಾ' ಅಂತಾರೆ.

ಬೋರ್‌ವೆಲ್ ನೀರಿನ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಿಮ್ಮ ಬಕೆಟ್ ಮೇಲೆ, ನಲ್ಲಿ ಬಾಯಲ್ಲಿ, ಗೀಸರ್ ಕಾಯಿಲ್ ಮೇಲೆ ಕೂರೋ ಬಿಳಿ ಪದರ ಇದ್ಯಲ್ಲ, ಹತ್ತಿರ ಹತ್ತಿರ ಅದೇ ಸುಣ್ಣ. ನಾವು ಅದನ್ನು ಆಸಿಡ್ ಹಾಕಿ ಉಜ್ಜುತ್ತೀವಿ. ಅವರು 1949ರಲ್ಲಿ ಅದಕ್ಕೆ ರಾಷ್ಟ್ರೀಯ ಉದ್ಯಾನ ಅಂತ ಹೆಸರಿಟ್ಟರು.

ಬೆಳೆಯೋ ವೇಗ ಎಷ್ಟು ಗೊತ್ತಾ? ಸುಮಾರು ವರ್ಷಕ್ಕೆ 1 ಸೆಂಟಿಮೀಟರ್. ಅದೂ ಎಲ್ಲ ಚೆನ್ನಾಗಿದ್ದರೆ. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ ಇದೊಂದು ಆರ್‌ಡಿ. ಸಣ್ಣ ಕಂತು, ಸಾವಿರಾರು ವರ್ಷದ ಅವಧಿ, ಮಧ್ಯದಲ್ಲಿ ಮುರಿಯೋ ಹಾಗಿಲ್ಲ. ನೀರು ಕೊಳೆಯಾದರೆ ಈ ಸುಣ್ಣ ಕಟ್ಟೋ ಕೆಲಸವೇ ಹಾಳಾಗತ್ತೆ. ಒಬ್ಬರು ಕಾಲಿಟ್ಟು ಪಾಚಿ ಕಿತ್ತರೆ ಎಷ್ಟೋ ವರ್ಷದ ಕಂತು ಹೋಯ್ತು. ಅದಕ್ಕೇ ಅಲ್ಲಿ ಈಜೋ ಹಾಗಿಲ್ಲ. ನಾಣ್ಯ ಎಸೆಯೋ ಹಾಗಿಲ್ಲ. ಹಲಗೆ ದಾರಿ ಬಿಟ್ಟು ಇಳಿಯೋ ಹಾಗಿಲ್ಲ. ಕಾಲಡಿಯಲ್ಲೇ ಅಂಥ ನೀರು ಹರೀತಿರತ್ತೆ, ಕೈ ಅದ್ದಬೇಕು ಅಂತ ಜೀವ ಒದ್ದಾಡತ್ತೆ, ಯಾರೂ ಅದ್ದಲ್ಲ.

ಬಣ್ಣಕ್ಕೂ ಕಾರಣ ಇದೇ. ನೀರಲ್ಲಿರೋ ಖನಿಜ, ಜೀವಿಗಳು, ಆಳ, ಬಿಸಿಲು ಬೀಳೋ ಕೋನ ಎಲ್ಲ ಸೇರಿ ಬಣ್ಣ ಬದಲಾಗ್ತಾ ಇರತ್ತೆ. ಒಂದೇ ಕೆರೆ ಈ ತುದಿಯಿಂದ ನೋಡಿದರೆ ನವಿಲಿನ ಕತ್ತು, ಆ ತುದಿಯಿಂದ ನೋಡಿದರೆ ಎಳೆ ಬಾಳೆಎಲೆ. ಮೋಡ ಬಂದರೆ ಬೂದಿ.

ನಡೀತಾ ಗೈಡ್ ಒಂದು ಜಾನಪದ ಕಥೆ ಹೇಳಿದ್ರು. ಹಿಂದೊಮ್ಮೆ ಇಲ್ಲಿ ಭಾರೀ ಬರ ಬಂತಂತೆ. ಜನ, ದನ, ಹಕ್ಕಿ ಎಲ್ಲ ನೀರು ನೀರು ಅಂತ ಬೇಡಿಕೊಂಡರಂತೆ. ಆಗ ಕಪ್ಪು ರಾಣಿ ಅನ್ನೋಳು ತನ್ನ ಪರಿವಾರದ ಜೊತೆ ಬಂದು ಮಳೆ ಸುರಿಸಿದಳಂತೆ, ಕೆರೆಗಳು ತುಂಬಿದವಂತೆ. ಎಲ್ಲಕ್ಕಿಂತ ಮೇಲಿನ ಕೆರೆಯ ಹೆಸರು ಪ್ರೋಶ್ಚಾನ್ಸ್ಕೊ. ಬೇಡಿಕೊಳ್ಳೋದು ಅನ್ನೋ ಮಾತಿನಿಂದಲೇ ಆ ಹೆಸರು ಬಂತು ಅಂತ ಕಥೆ. ನಾನು ಇದನ್ನ ಹೇಳಿದಾಗ ಅಮ್ಮ ನಿಂತುಬಿಟ್ಟಳು. 'ನಾವು ಮಳೆರಾಯನ್ನ ಮಾಡ್ತಿರಲಿಲ್ವಾ? ಮಣ್ಣಲ್ಲಿ ಮಾಡಿ, ಹಲಗೆ ಮೇಲಿಟ್ಟು, ತಲೆ ಮೇಲೆ ಹೊತ್ಕೊಂಡು ಮನೆಮನೆಗೆ ಹೋಗ್ತಿದ್ರು. ಎಲ್ಲರೂ ಒಂದೊಂದು ಚೊಂಬು ನೀರು ಹುಯ್ಯೋರು. ನೀರಿಲ್ಲದ ಕಾಲದಲ್ಲೂ ಆ ಒಂದು ಚೊಂಬು ಎತ್ತಿಟ್ಟಿರೋರು' ಅಂದಳು. ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ. ಅಷ್ಟು ನೀರನ್ನು ಅಮ್ಮ ನೋಡಿದ ಥರ ಆ ಹದಿನೆಂಟು ಜನರಲ್ಲಿ ಇನ್ಯಾರೂ ನೋಡಿರಲ್ಲ, ನಾನೂ ಸೇರಿದಂತೆ.

ಈಗ ಕಳೆದುಹೋದ ಕಥೆ. ಮಧ್ಯದಲ್ಲಿ ಕೋಝ್ಯಾಕ್ ಅಂತ ಕೆರೆ ಇದೆ, ಎಲ್ಲಕ್ಕಿಂತ ದೊಡ್ಡದು. ಅದರ ಮೇಲೆ ಬ್ಯಾಟರಿ ದೋಣಿ ಓಡಾಡತ್ತೆ, ಸದ್ದೇ ಇಲ್ಲ. ಕೆಳಗಿನ ಕೆರೆಗಳನ್ನು ಮುಗಿಸಿ, ಪಿ 3ರಲ್ಲಿ ಹತ್ತಿ ಪಿ 2ರಲ್ಲಿ ಇಳಿದ್ವಿ. ಅಲ್ಲಿಂದ ಮೇಲಿನ ಕೆರೆಗಳಿಗೆ ಹತ್ತಬೇಕು, ತುದಿವರೆಗೆ ಹೋದರೆ ಸುಮಾರು 100 ಮೀಟರ್ ಏರು. ಅಮ್ಮನ ಮಂಡಿ ಅಷ್ಟೊತ್ತಿಗೆ ಕೈ ಕೊಟ್ಟಿತ್ತು. ಗೈಡ್ ನೋಡಿದವರೇ ಹೇಳಿದ್ರು, 'ಇವರನ್ನು ಸಣ್ಣ ದೋಣಿಯಲ್ಲಿ ಎದುರು ದಡಕ್ಕೆ, ಪಿ 1ಕ್ಕೆ ಕಳಿಸಿ. ನಾವು ಮೇಲಿಂದ ರಸ್ತೆಗೆ ಹೋಗಿ, ಉದ್ಯಾನದ ಬಸ್ಸಲ್ಲಿ ಅದೇ ಕಡೆ ಬರ್ತೀವಿ.'

ನಾನು ಬೇಡ ಅಂದೆ. ಯಾಕಂದ್ರೆ ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಒಬ್ಬಳೇ ದೋಣಿ ಹೇಗೆ ಹತ್ತುತಾಳೆ? 'ನೀನು ಇಲ್ಲೇ ಈ ಬೆಂಚಲ್ಲಿ ಕೂತಿರು, ಅರ್ಧ ಗಂಟೇಲಿ ಬರ್ತೀನಿ' ಅಂದೆ. ಮ್ಯಾಪ್ ಸರಿಯಾಗಿ ನೋಡಿರಲಿಲ್ಲ. ಆ ದಾರಿ ಸುತ್ತಿ ವಾಪಸ್ ಬರಲ್ಲ, ಮೇಲಕ್ಕೆ ಹೋಗಿ ಬೇರೆ ಕಡೆ ಮುಗಿಯತ್ತೆ. ಅದು ನನಗೆ ಅರ್ಥ ಆಗಿದ್ದು ಅರ್ಧ ದಾರಿಯಲ್ಲಿ. ಅಷ್ಟೊತ್ತಿಗೆ ಎರಡೂ ಕಡೆ ಜಲಪಾತ, ಕೈಯಲ್ಲಿ ಫೋನು, ಈ ಎಪಿಸೋಡಿಗೆ ಬೇಕು ಅಂತ ನೀರಿನ ಸದ್ದು ರೆಕಾರ್ಡ್ ಮಾಡ್ಕೊಳ್ತಾ ಇದ್ದೆ. ಅರ್ಧ ಗಂಟೆ ಅನ್ನೋದು ಒಂದೂವರೆ ಗಂಟೆ ಆಯ್ತು. ಸುಳ್ಳು ಹೇಳಲ್ಲ, ವಾಪಸ್ ಇಳಿದು ಹೋಗಬಹುದಿತ್ತು. ಹೋಗಲಿಲ್ಲ.

ಮೇಲಿಂದ ಬಸ್ಸಲ್ಲಿ ಬಂದು ಇಳಿದಾಗ 1:40. ನಮ್ಮ ಬಸ್ 2:30ಕ್ಕೆ ಹೊರಡಬೇಕು. ಪಿ 1ಕ್ಕೆ ಓಡಿದೆ, ಕ್ಯೂನಲ್ಲಿ ನಿಂತೆ, ದೋಣಿ ಹತ್ತಿದೆ. ಅಮ್ಮನಿಗೆ ಕಾಲ್ ಮಾಡ್ತಾನೇ ಇದ್ದೆ. ಅವಳ ಫೋನಿನಲ್ಲಿ ರೋಮಿಂಗ್ ಇಲ್ಲ ಅಂತ ಗೊತ್ತಿದ್ದೂ ಮಾಡ್ತಾ ಇದ್ದೆ. ಪಿ 2ರಲ್ಲಿ ಇಳಿದೆ. ಬೆಂಚ್ ಖಾಲಿ.

ಆ ಖಾಲಿ ಬೆಂಚನ್ನು ನಾನು ಜೀವಮಾನದಲ್ಲಿ ಮರೆಯಲ್ಲ. ಸುತ್ತಲೂ ಅಷ್ಟು ಚೆಂದದ ನೀರು, ನನಗೆ ಕಾಣ್ತಾ ಇದ್ದಿದ್ದು ಅದರ ಆಳ ಮಾತ್ರ. ಕೋಝ್ಯಾಕ್ 47 ಮೀಟರ್ ಆಳ ಅಂತ ಬೆಳಗ್ಗೆ ತಾನೇ ಕೇಳಿದ್ದೆ. ಟಾಯ್ಲೆಟ್ ಕಡೆ ಓಡಿದೆ, ದಾರೀಲಿ ಸಿಕ್ಕವರಿಗೆಲ್ಲ ಅಮ್ಮನ ಫೋಟೋ ತೋರಿಸಿದೆ. 'ಅಮ್ಮಾ' ಅಂತ ಕೂಗಿದೆ. ಜಲಪಾತದ ಪಕ್ಕ ಕೂಗಿದರೆ ಯಾರಿಗೆ ಕೇಳತ್ತೆ? ಕೊನೆಗೆ ಬೇರೆ ದಾರಿ ಕಾಣದೆ, ಅಳುತ್ತಾ ವಾಪಸ್ ದೋಣಿ ಹತ್ತಿ ಪಿ 1ಕ್ಕೆ ಬಂದೆ.

ಅಲ್ಲಿ ಬೆಂಚಿನ ಮೇಲೆ ಅಮ್ಮ. ಪಕ್ಕದಲ್ಲಿ ಗೈಡ್. ಇಬ್ಬರ ಮಧ್ಯೆ ಡಬ್ಬಿ. ಆ ಮನುಷ್ಯ ನಿಪ್ಪಟ್ಟು ತಿಂತಾ ಇದ್ದರು.

'ಎಲ್ಲಿ ಹೋಗಿದ್ಯೇ?' ಅಂದಳು ಅಮ್ಮ. ನಾನು ಕೇಳಬೇಕಾದ ಪ್ರಶ್ನೆ! 'ಒಂದು ಗಂಟೆ ಮೇಲೆ ಕಾದೆ, ನೀನು ಬರ್ಲಿಲ್ಲ. ಆ ಪುಣ್ಯಾತ್ಮ ಮೂರು ಸಲ ಹೇಳಿದ್ನಲ್ಲ, ತಪ್ಪಿಸಿಕೊಂಡ್ರೆ ಪಿ ಒಂದಕ್ಕೆ ಬನ್ನಿ ಅಂತ. ಬೋಟಿನವನಿಗೆ ಮ್ಯಾಪಲ್ಲಿ ಆ ಸುತ್ತು ತೋರಿಸಿದೆ, ಕೈ ಹಿಡಿದು ಹತ್ತಿಸಿಕೊಂಡ. ಅರ್ಧ ಬಂದಾಗ ನಿನ್ನ ಬೋಟು ಎದುರಿಂದ ಬಂತು. ಎದ್ದು ನಿಂತು ಕೈ ಬೀಸಿದೆ ಕಣೇ. ನೀನು ಫೋನ್ ನೋಡ್ತಿದ್ದೆ.'

ನಾನು ಆ ಹೊತ್ತಲ್ಲಿ ಅಮ್ಮನಿಗೇ ಫೋನ್ ಮಾಡ್ತಾ ಇದ್ದೆ.

ಬಸ್ ಹನ್ನೆರಡು ನಿಮಿಷ ತಡವಾಗಿ ಹೊರಟಿತು. ಎಲ್ಲರ ಹತ್ರ ಸಾರಿ ಕೇಳಿದೆ. ಗೈಡ್ ಬೈಯಲಿಲ್ಲ. ಮೈಕ್ ತಗೊಂಡು, 'ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡವರು ಇವತ್ತು ಒಬ್ಬರೇ' ಅಂದ್ರು ಅಷ್ಟೆ. ನಾನು ಅದನ್ನು ಅಮ್ಮನಿಗೆ ಅನುವಾದ ಮಾಡಬೇಕಾಯ್ತು. ಮಾಡಿದೆ.

ಈ ಕಥೆ ಯಾಕೆ ಹೇಳಿದೆ ಅಂದ್ರೆ, ನಾವು ನಿಯಮ ಹೇಳೋರನ್ನ ಬೋರ್ ಅಂದ್ಕೊಳ್ತೀವಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದಲ್ಲಿ ಸಾಲುಗಟ್ಟಿದ ಜನರ ವಿಡಿಯೋ ನೆನಪಿದ್ಯಾ? ಆಮೇಲೆ ನಮ್ಮಲ್ಲೂ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅನ್ನೋ ಮಿತಿ ಬಂತು. ಆಗ ಬೈಕೊಂಡವರಲ್ಲಿ ನಾನೂ ಒಬ್ಬಳು, ಇದೇ ಪಾಡ್‌ಕಾಸ್ಟ್‌ನಲ್ಲಿ ಗೊಣಗಿದ್ದೀನಿ. ಪ್ಲಿಟ್ವಿಟ್ಸೆಗೆ ವರ್ಷಕ್ಕೆ ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಬರ್ತಾರೆ. ಇಷ್ಟು ಜನ ನಡೆದಾಡಿದ ಮೇಲೂ ಆ ಕಲ್ಲು ಇನ್ನೂ ಬೆಳೀತಾ ಇದೆ ಅಂದ್ರೆ, ಹಲಗೆ ಬಿಟ್ಟು ಇಳೀಬೇಡಿ ಅಂತ ಯಾರೋ ದಿನಾ ಮೂರು ಸಲ ಹೇಳ್ತಿದ್ದಾರೆ, ಅದಕ್ಕೆ. ಆ ಗೊಣಗನ್ನು ನಾನು ವಾಪಸ್ ತಗೊಂಡಿದ್ದೀನಿ.

ಹೋಗೋರಿಗೆ ನಾಲ್ಕು ಮಾತು. ಟಿಕೆಟ್‌ಗೆ ಗಂಟೆ ನಿಗದಿ ಇರತ್ತೆ, ಬೇಸಿಗೆಯಲ್ಲಿ ಮೊದಲೇ ತಗೊಳ್ಳಿ. ದಾರಿಗಳಿಗೆ ಎ, ಬಿ, ಸಿ ಅಂತ ಅಕ್ಷರದ ಹೆಸರಿದೆ. ವಯಸ್ಸಾದವರ ಜೊತೆ ಹೋದರೆ ಉದ್ದದ್ದು ಬಿಟ್ಟು, ದೋಣಿ ಮತ್ತು ಬಸ್ ಇರೋ ಸಣ್ಣ ದಾರಿ ಹಿಡೀರಿ. ಹಲಗೆ ಒದ್ದೆ ಇರತ್ತೆ, ಹಿಡಿತ ಇರೋ ಶೂ ಹಾಕ್ಕೊಳ್ಳಿ. ಗೈಡ್ ಜೊತೆ ಹೋದರೆ ಸಮಯ ನಿಮ್ಮ ಕೈಲಿರಲ್ಲ, ಅದು ನಿಜವಾದ ನಷ್ಟ. ಒಂದೇ ಕಡೆ ಒಂದು ಗಂಟೆ ಕೂರಬೇಕು ಅನ್ನೋರು ನೀವೇ ಹೋಗಿ. ಆದರೆ ಜೊತೆಗಿರೋರ ಕೈಗೂ ಮ್ಯಾಪ್ ಕೊಡಿ. 'ಅವರಿಗೆ ಗೊತ್ತಾಗಲ್ಲ' ಅಂತ ನೀವೇ ತೀರ್ಮಾನ ಮಾಡಬೇಡಿ.

ಮೊನ್ನೆ ಊರಿಗೆ ಹೋಗಿದ್ದೆ. ಅಮ್ಮ ಬಚ್ಚಲಲ್ಲಿ ಬಕೆಟ್ ತಿರುವಿ ಹಾಕಿ ನೋಡ್ತಾ ಇದ್ದಳು. ಒಳಗೆಲ್ಲ ಬಿಳಿ ಪದರ. 'ನೋಡೇ, ನಮ್ಮನೇಲೂ ಬೆಳೀತಿದೆ' ಅಂದಳು. ಉಜ್ಜೋಣ ಅಂತ ಬ್ರಷ್ ತಗೊಂಡೆ. 'ಇರಲಿ ಬಿಡು, ನಾಳೆ ಉಜ್ಜಿದ್ರಾಯ್ತು' ಅಂದಳು.

ಮೇಲಿನ ಕೆರೆಗಳಲ್ಲಿ ನಾನು ರೆಕಾರ್ಡ್ ಮಾಡಿದ ನೀರಿನ ಸದ್ದನ್ನು ಈಗ ಒಂದು ನಿಮಿಷ ಹಾಕ್ತೀನಿ. ಅಮ್ಮ ಕೆಳಗೆ ಕಾಯ್ತಿದ್ದಾಗ ಸಿಕ್ಕಿದ್ದು ಇದೇ. ಕೇಳಿ. ಮುಂದಿನ ವಾರ ಸಿಗೋಣ, ನಮಸ್ಕಾರ.